ಸ್ಪೇಸರ್ ಹಾಕಿದ ಮೇಲೆ ಪಿಕಪ್‌ನಲ್ಲಿ ಟಕ್ ಟಕ್, ನಡುಕ: ಎಲ್ಲಿ ಹುಡುಕಬೇಕು?

ಪೆರ್ಲ ಕಡೆಯ ಒಂದು ಪಿಕಪ್ ಬದಿಯಡ್ಕದಲ್ಲಿರುವ ನಮ್ಮ ಗ್ಯಾರೇಜಿಗೆ ಬಂದಿತ್ತು. ಆರು ಸ್ಟಡ್ಡಿನ ಗಾಡಿ, ಅಂದರೆ ಚಕ್ರದ ನಟ್ಟು ಬಿಗಿಯುವ ಬೋಲ್ಟು ಆರು. ನಾಲ್ಕೂ ಚಕ್ರಕ್ಕೆ 30 ಮಿಮೀ ಸ್ಪೇಸರ್, ಅಂದರೆ ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ, ಹಾಕಿಸಿ ಒಂದೂವರೆ ತಿಂಗಳೂ ಆಗಿರಲಿಲ್ಲ. ಓನರು ಅಡಿಕೆ ತೋಟದವರು. ವಾರಕ್ಕೆರಡು ಸಲ ಗೊಬ್ಬರವೋ ಕೆಂಪುಕಲ್ಲೋ ತುಂಬಿಸಿಕೊಂಡು ಓಡಾಡುವವರು.

"ಅಣ್ಣ, ನಿಧಾನ ಹೋಗುವಾಗ ಹಿಂದೆ ಎಲ್ಲೋ ಟಕ್ ಟಕ್ ಅಂತ ಶಬ್ದ ಉಂಟು. ಅರವತ್ತು ದಾಟಿದರೆ ಸೀಟೇ ನಡುಗುತ್ತದೆ. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ, ಬ್ಯಾಲೆನ್ಸಿಂಗ್ ಮೂರು ಸಲ. ದುಡ್ಡು ಹೋಯ್ತು, ಶಬ್ದ ಹೋಗಲಿಲ್ಲ."

"ಒಳಗಿನ ನಟ್ಟು ಬಿಗಿ ಉಂಟಾ ನೋಡಿದ್ದೀರಾ ಮಾರಾಯ್ರೆ?"

"ಒಳಗಿನ ನಟ್ಟಾ? ಯಾವ ಒಳಗಿನ ನಟ್ಟು?"

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಸ್ಪೇಸರ್ ಹಾಕಿದ ಗಾಡಿಯಲ್ಲಿ ಚಕ್ರ ಹಿಡಿದು ನಿಲ್ಲುವುದು ಎರಡು ಜೋಡಣೆಗಳ ಮೇಲೆ. ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಸ್ಪೇಸರ್, ಸ್ಪೇಸರ್‌ಗೆ ಚಕ್ರ. ನಮ್ಮ ಕಣ್ಣಿಗೆ ಕಾಣುವುದು ಎರಡನೆಯದು ಮಾತ್ರ. ಮೊದಲನೆಯದರ ನಟ್ಟು ಚಕ್ರದ ಹಿಂದೆ ಅಡಗಿ ಕುಳಿತಿರುತ್ತದೆ. ಚಕ್ರ ಬಿಚ್ಚದೆ ಅದಕ್ಕೆ ಸ್ಪ್ಯಾನರ್ ತಾಗುವುದೇ ಇಲ್ಲ. ಪಂಚರ್ ಅಂಗಡಿಯವರು ಹೊರಗಿನ ಆರು ನಟ್ಟನ್ನು ಒತ್ತಿ ನೋಡಿ "ಎಲ್ಲ ಬಿಗಿ ಉಂಟು" ಅನ್ನುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಅವರು ನೋಡಿದ್ದು ಮಾತ್ರ ಅರ್ಧ.

ನಾನಿಲ್ಲಿ ಹೇಳುತ್ತಿರುವುದು ಬೋಲ್ಟ್ ಮಾಡುವ ಸ್ಪೇಸರ್ ಬಗ್ಗೆ. ದಪ್ಪದ ಅಲ್ಯೂಮಿನಿಯಂ ಬಿಲ್ಲೆ, ಗಾಡಿಯ ಮೂಲ ಸ್ಟಡ್ಡಿಗೆ ಅದು ಬಿಗಿಯುತ್ತದೆ, ಅದರದ್ದೇ ಬೇರೆ ಸ್ಟಡ್ಡುಗಳಿಗೆ ಚಕ್ರ ಬಿಗಿಯುತ್ತದೆ. ವಾಶರಿನ ಹಾಗೆ ಸುಮ್ನೆ ಸ್ಟಡ್ಡಿಗೆ ಸಿಕ್ಕಿಸುವ ತೆಳು ಸ್ಪೇಸರ್ ಇನ್ನೊಂದು ಜಾತಿ. ಅದರ ಕಾಯಿಲೆ ಬೇರೆ, ಮುಂದೆ ಹೇಳುತ್ತೇನೆ. ಹಿಂದೆ ಜೋಡಿ ಚಕ್ರ ಇರುವ ಲಾರಿಗಳಿಗೆ ಈ ಬರಹ ಅಲ್ಲ.

ಮೊದಲು ಸ್ಪೇಸರ್ ತೆಗೆದು ಓಡಿಸಿ

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ಯಾರೂ ಮಾಡುವುದಿಲ್ಲ. ನಾಲ್ಕೂ ಸ್ಪೇಸರ್ ಬಿಚ್ಚಿ, ಮೂಲ ನಟ್ಟಿನಲ್ಲಿ ಚಕ್ರ ಹಾಕಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಒಂದು ಸುತ್ತು ಬನ್ನಿ. ನಡುಕ ಹೋಯ್ತಾ, ತಪ್ಪು ಸ್ಪೇಸರಿನದ್ದೋ ಅದನ್ನು ಕೂರಿಸಿದ ರೀತಿಯದ್ದೋ. ನಡುಕ ಹಾಗೆಯೇ ಉಂಟಾ, ಟೈರು, ರಿಮ್, ಪ್ರೊಪೆಲರ್ ಶಾಫ್ಟ್ (ಹಿಂದಿನ ಚಕ್ರಕ್ಕೆ ಎಂಜಿನಿನ ತಿರುಗಾಟ ಒಯ್ಯುವ ಉದ್ದ ದಂಡ) ಇತ್ಯಾದಿ ನೋಡಿ. ಸ್ಪೇಸರ್ ಮೇಲೆ ಅಪವಾದ ಹೊರಿಸಬೇಡಿ. ದಪ್ಪ ಟೈರು ಹಾಕಿಸಿ ಅದು ಸ್ಪ್ರಿಂಗಿಗೋ ಚಾಸಿಸ್‌ಗೋ ಉಜ್ಜುತ್ತದೆ ಅಂತ ಸ್ಪೇಸರ್ ಹಾಕಿದವರಿಗೆ ಈ ಪರೀಕ್ಷೆ ಆಗುವುದಿಲ್ಲ. ಅವರು ಹಳೇ ಟೈರಿನ ಚಕ್ರ ಹಾಕಿ ನೋಡಬೇಕು.

ಎಲ್ಲಿ ಓಡಿಸುವುದು ಅನ್ನುವುದೂ ಮುಖ್ಯ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವಿನಲ್ಲಿ ನಡುಕ ಅಳೆಯಲು ಹೋದರೆ ಗುಂಡಿ ಯಾವುದು, ನಡುಕ ಯಾವುದು ಗೊತ್ತಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದವರೆಗೆ 39 ಕಿಮೀ ಆರು ಪಥ ಮಾಡಿದ್ದಾರಲ್ಲ, ಅಂಥ ನೇರ ರಸ್ತೆ ಇದಕ್ಕೆ ಸರಿ. ವೇಗವನ್ನು ನಿಧಾನ ಏರಿಸುತ್ತಾ ಹೋಗಿ. ಸ್ಟೀರಿಂಗ್ ಕೈಯಲ್ಲಿ ನಡುಗಿದರೆ ಬಹುಪಾಲು ಮುಂದಿನ ಚಕ್ರ. ಸೀಟು, ನೆಲ ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್ ನೋಡಿ.

ಆದರೆ ಟಕ್ ಟಕ್ ಶಬ್ದ ಬರುತ್ತಿರುವ ಗಾಡಿಯನ್ನು ಹೀಗೆ ಪರೀಕ್ಷೆಗೆಂದು ಹೆದ್ದಾರಿಗೆ ಒಯ್ಯಬೇಡಿ. ಅದರ ಲೆಕ್ಕವನ್ನು ಅಂಗಳದಲ್ಲೇ ಮುಗಿಸಬೇಕು.

ಟಕ್ ಟಕ್ ಎಣಿಸುವುದು

ಶಬ್ದ ಎಷ್ಟು ಸಲ ಬರುತ್ತದೆ ಅನ್ನುವುದರಲ್ಲೇ ಅದು ಎಲ್ಲಿಂದ ಅನ್ನುವ ಸುಳಿವು ಉಂಟು. ಪಿಕಪ್‌ನ ಟೈರು ಸುಮಾರು 75 ಸೆಂಮೀ ಎತ್ತರ ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಗಾಡಿ 2.35 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 10 ಕಿಮೀ ವೇಗದಲ್ಲಿ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ 10ರಲ್ಲಿ ಹೋಗುವಾಗ ಸೆಕೆಂಡಿಗೆ ಒಂದು ಟಕ್ ಬಂದರೆ ಅದು ಚಕ್ರದ ಜೊತೆ ತಿರುಗುವ ವಸ್ತು. ಸಡಿಲ ನಟ್ಟು, ಸಡಿಲ ಸ್ಪೇಸರ್, ಟೈರಿಗೆ ಸಿಕ್ಕಿದ ಕಲ್ಲು. ಸೆಕೆಂಡಿಗೆ ನಾಲ್ಕೈದು ಬಂದರೆ ಪ್ರೊಪೆಲರ್ ಶಾಫ್ಟಿನ ತುದಿಯ ಕೀಲಿನಲ್ಲಿರುವ ಕ್ರಾಸ್ ಮೇಲೆ ಅನುಮಾನ ಇಡಿ, ಯಾಕೆಂದರೆ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ತಿರುಗುತ್ತದೆ.

ಒಬ್ಬರು ಓಡಿಸಲಿ, ಇನ್ನೊಬ್ಬರು ಬದಿಯಲ್ಲಿ ನಿಂತು ಕಿವಿ ಕೊಡಲಿ. ಗೋಡೆಯ ಪಕ್ಕದಲ್ಲಿ ಕಿಟಕಿ ತೆರೆದು ಹೋದರೆ ಒಬ್ಬರಿಗೇ ಕೇಳಿಸುತ್ತದೆ. ಗೋಡೆಗೆ ತಾಗಿ ಶಬ್ದ ವಾಪಸ್ ಬರುತ್ತದೆ. ನಮ್ಮ ಈ ಪಿಕಪ್‌ನಲ್ಲಿ ಸೆಕೆಂಡಿಗೆ ಒಂದೇ ಇತ್ತು, ಹಿಂದಿನ ಎಡ ಚಕ್ರದಲ್ಲಿ. ಹೊರಡುವಾಗ ಒಂದು, ಬ್ರೇಕ್ ಒತ್ತುವಾಗ ಇನ್ನೊಂದು ಜೋರು ಟಕ್. ಆ ಎರಡು ಟಕ್ ಕೇಳಿದರೆ ಮುಂದೆ ಓಡಿಸುವುದು ಬೇಡ. ಚಕ್ರದ ಮೇಲೆ ಎಳೆತದ ದಿಕ್ಕು ಬದಲಾದಾಗ ಯಾವುದೋ ಒಂದು ಜಾರಿ ಇನ್ನೊಂದಕ್ಕೆ ಹೊಡೆಯುತ್ತಿದೆ ಅಂತ ಅರ್ಥ.

ಚಕ್ರ ಬಿಚ್ಚಿದಾಗ ಕಂಡದ್ದು

ಗಾಡಿ ಎತ್ತುವ ಮೊದಲು ಒಂದು ಮಾತು. ನಮ್ಮೂರಲ್ಲಿ ಜಾಕ್ ಸ್ಟ್ಯಾಂಡ್ ಬದಲು ಕೆಂಪುಕಲ್ಲು ಇಟ್ಟು ಅಡಿಗೆ ಹೋಗುವ ಅಭ್ಯಾಸ ಉಂಟು. ಬೇಡ. ಮನೆಯ ಗೋಡೆಯಲ್ಲಿ ಗಟ್ಟಿಯಾಗಿ ನಿಲ್ಲುವ ಆ ಕಲ್ಲು ಒಂದು ಮೂಲೆಯಲ್ಲಿ ಭಾರ ಬಿದ್ದರೆ ಪುಡಿಯಾಗಿ ಹೋಗುತ್ತದೆ, ಅದೂ ಮಳೆಯಲ್ಲಿ ನೆನೆದದ್ದಾದರೆ ಕೇಳುವುದೇ ಬೇಡ. ಸ್ಟ್ಯಾಂಡ್ ಇಡಿ, ಎದುರಿನ ಚಕ್ರಕ್ಕೆ ಮರದ ಅಡ್ಡ ಕೊಡಿ.

ಚಕ್ರ ತೆಗೆದೆ. ಸ್ಪೇಸರಿನ ಆರು ನಟ್ಟಿನಲ್ಲಿ ನಾಲ್ಕಕ್ಕೆ ಸ್ಪ್ಯಾನರ್ ಬೇಕಾಯ್ತು. ಉಳಿದ ಎರಡನ್ನು ಬೆರಳಲ್ಲೇ ತಿರುಗಿಸಿದೆ. ಓನರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಬೆರಳಲ್ಲಿ ನಟ್ಟು ತಿರುಗಿದ್ದನ್ನು ನೋಡಿ ಮಾತಾಡಲಿಲ್ಲ. ಹಿಂದಿನ ದಿನವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗಿ ಬಂದಿದ್ದರಂತೆ.

ಸ್ಪೇಸರ್ ಕಿತ್ತು ಹಿಂಬದಿ ತಿರುಗಿಸಿದರೆ ಕಥೆ ಅಲ್ಲೇ ಬರೆದಿತ್ತು. ಅಲ್ಯೂಮಿನಿಯಂ ಮುಖದಲ್ಲಿ ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುವ ಅರ್ಧಚಂದ್ರ. ಅದರ ಎದುರು ಬದಿಯಲ್ಲಿ ಕಪ್ಪು ಪುಡಿ, ಕೈಗೆ ಹತ್ತಿದರೆ ಕಾಡಿಗೆಯ ಹಾಗೆ. ಎರಡು ಲೋಹ ಸಣ್ಣಗೆ ಉಜ್ಜಿಕೊಂಡಾಗ ಬರುವ ಪುಡಿ ಅದು. ನಟ್ಟು ಸಡಿಲವಿದ್ದ ಕಡೆ ಎರಡು ತೂತು ಗುಂಡಗೆ ಇರಲಿಲ್ಲ, ಸ್ವಲ್ಪ ಮೊಟ್ಟೆಯಾಕಾರ. ನಟ್ಟಿನ ಸುತ್ತ ಕೆಂಪು ತುಕ್ಕಿನ ಗೆರೆ, ನಡುವಿನಿಂದ ಹೊರಕ್ಕೆ ಕಿರಣದ ಹಾಗೆ ಚಿಮ್ಮಿತ್ತು. ಇದೊಂದು ಒಳ್ಳೆಯ ಗುರುತು. ಚಕ್ರದ ಹೊರಗಿನ ನಟ್ಟಿನಿಂದ ಇಂಥ ಗೆರೆ ಹೊರಟಿದ್ದರೆ ಬಿಚ್ಚುವ ಮೊದಲೇ ಗೊತ್ತಾಗುತ್ತದೆ, ಆ ನಟ್ಟು ಅಲುಗಾಡಿದೆ ಅಂತ. ನಮ್ಮ ಕೆಂಪುಮಣ್ಣಿನ ಧೂಳಿನಲ್ಲಿ ಈ ಗೆರೆಯನ್ನು ಮಣ್ಣು ಅಂತ ಬಿಟ್ಟುಬಿಡುವವರೇ ಜಾಸ್ತಿ. ನೀರು ಹಾಕಿ ತೊಳೆಯಿರಿ. ಮಣ್ಣಾದರೆ ಹೋಗುತ್ತದೆ.

ನಟ್ಟು ಸಡಿಲವಾಗಿತ್ತು, ಸರಿ. ಬಿಗಿದು ಕಳಿಸಿದರೆ ಆಗುತ್ತಿತ್ತಾ? ಇಲ್ಲ. ಯಾಕೆ ಸಡಿಲವಾಯ್ತು ಅಂತ ಗೊತ್ತಾಗದೆ ಬಿಗಿದರೆ ಅದೇ ಗಾಡಿ ಹದಿನೈದು ದಿನದಲ್ಲಿ ವಾಪಸ್ ಬರುತ್ತದೆ, ಬಂದರೆ.

ಬ್ರೇಕ್ ಡ್ರಮ್ಮಿನ ಮೇಲೆ ನೋಡಿದೆ. ಎರಡು ಸ್ಟಡ್ಡಿನ ಬುಡದಲ್ಲಿ ತೆಳು ತಗಡಿನ ಬಳೆ. ಕಂಪನಿಯಲ್ಲಿ ಗಾಡಿ ಜೋಡಿಸುವಾಗ ಡ್ರಮ್ ಬೀಳದಿರಲಿ ಅಂತ ಸ್ಟಡ್ಡಿಗೆ ಸಿಕ್ಕಿಸುವ ಕ್ಲಿಪ್ ಅದು. ಹಲವು ಗಾಡಿಗಳಲ್ಲಿ ಇರುತ್ತದೆ. ಚಕ್ರದ ರಿಮ್ಮಿನಲ್ಲಿ ಸ್ಟಡ್ಡಿನ ತೂತಿನ ಸುತ್ತ ಸ್ವಲ್ಪ ಜಾಗ ಇರುವುದರಿಂದ ಮೂಲ ಚಕ್ರಕ್ಕೆ ಇದು ತೊಂದರೆ ಕೊಡುವುದಿಲ್ಲ. ಆದರೆ ಆ ಸ್ಪೇಸರಿನ ಹಿಂಬದಿ ಪೂರ್ತಿ ಚಪ್ಪಟೆ. ಅದು ಡ್ರಮ್ಮಿನ ಮೇಲೆ ಕೂರದೆ ಕ್ಲಿಪ್ಪಿನ ಮೇಲೆ ಕೂತಿತ್ತು. ನಟ್ಟು ತಿರುಗಿಸುವ ಗನ್ನಿನಲ್ಲಿ ಬಿಗಿದಾಗ ಬಿಗಿಯಾದ ಹಾಗೆಯೇ ಅನ್ನಿಸುತ್ತದೆ. ಭಾರ ಹೊತ್ತು ನಾಲ್ಕು ದಿನ ಓಡಿದ ಮೇಲೆ ತಗಡು ಚಪ್ಪಟೆಯಾಗಿ, ನಟ್ಟು ಹಿಡಿದಿದ್ದ ಎಳೆತ ಖಾಲಿ. ನಟ್ಟು ತಿರುಗಿ ಸಡಿಲವಾದದ್ದಲ್ಲ, ಅದರ ಅಡಿಯ ಜಾಗವೇ ಕುಗ್ಗಿದ್ದು.

ನಡುಕಕ್ಕೂ ಕಾರಣ ಅದೇ. ಆರು ಸ್ಟಡ್ಡಿನ ವೃತ್ತದ ಅಡ್ಡಳತೆ ಸುಮಾರು 140 ಮಿಮೀ. ಅದರ ಒಂದು ಬದಿ ಅರ್ಧ ಮಿಲಿಮೀಟರ್ ಎದ್ದು ನಿಂತರೆ 750 ಮಿಮೀ ಟೈರಿನ ಅಂಚಿಗೆ ಅದು ಎರಡೂವರೆ ಮಿಮೀಗಿಂತ ಜಾಸ್ತಿ ಓಲಾಟವಾಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಚಕ್ರ ಮಾತ್ರ ಕೂರುತ್ತದೆ, ಸ್ಪೇಸರ್ ಅಲ್ಲ. ಚಕ್ರ ಸರಿಯಾಗಿಯೇ ಇತ್ತು. ಮೂರು ಸಲ ಬ್ಯಾಲೆನ್ಸ್ ಮಾಡಿಸಿದರೂ, ಮೂವತ್ತು ಸಲ ಮಾಡಿಸಿದರೂ ಅಷ್ಟೇ.

ಕೂರುವ ಮುಖದಲ್ಲಿ ಬೇರೆ ಏನೆಲ್ಲ ಇರಬಹುದು

ಕ್ಲಿಪ್ ಒಂದೇ ಅಲ್ಲ. ಕೆಲವು ಡ್ರಮ್ಮಿನಲ್ಲಿ ಅದನ್ನು ಹಿಡಿಯುವ ಸ್ಕ್ರೂ ಇರುತ್ತದೆ. ತಲೆ ಒಳಗೆ ಇಳಿದಿರಬೇಕು, ಇಳಿಯದೆ ಕೂದಲೆಳೆಯಷ್ಟು ಮೇಲೆ ನಿಂತರೂ ಸಾಕು. ತುಕ್ಕಿನ ಹಕ್ಕಳೆ, ಪೇಂಟಿನ ದಪ್ಪ ಪದರ, ಒಣಗಿದ ಕೆಸರು, ಎಲ್ಲ ಒಂದೇ ಕೆಲಸ ಮಾಡುತ್ತವೆ. ಸ್ಪೇಸರಿಗೆ ಚೆಂದಕ್ಕೆ ಪೇಂಟ್ ಹೊಡೆಸುವವರು ಇದ್ದಾರೆ. ಹೊರಗಿನ ಅಂಚಿಗೆ ಹೊಡೆಸಿ, ಬೇಡ ಅನ್ನುವುದಿಲ್ಲ. ಕೂರುವ ಎರಡು ಮುಖಕ್ಕೆ ಬೇಡ. ಪೇಂಟೂ ತಗಡಿನ ಹಾಗೆ ಕುಗ್ಗುತ್ತದೆ.

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಕಡಲ ಬದಿಯಲ್ಲೇ ಗಾಡಿ ನಿಲ್ಲಿಸುವವರಿಗೆ ಇನ್ನೊಂದು ಕಾಟ. ಹಬ್ ಕಬ್ಬಿಣದ್ದು, ಸ್ಪೇಸರ್ ಅಲ್ಯೂಮಿನಿಯಂ. ನಡುವೆ ಉಪ್ಪು ನೀರಿನ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಬರುತ್ತದೆ. ಸುಣ್ಣದ ಹಾಗೆ ಕಾಣುತ್ತದೆ. ಆ ಪುಡಿ ಸ್ಪೇಸರನ್ನು ಒಂದೋ ಎತ್ತಿ ಹಿಡಿಯುತ್ತದೆ, ಇಲ್ಲವೇ ಹಬ್‌ಗೆ ಅಂಟಿಸಿಬಿಡುತ್ತದೆ. ಅಂಟಿದ ಸ್ಪೇಸರನ್ನು ಕಬ್ಬಿಣದ ಸುತ್ತಿಗೆಯಲ್ಲಿ ಬಡಿದರೆ ಅಂಚು ಒಡೆಯುತ್ತದೆ, ಬೇರಿಂಗಿಗೂ ಪೆಟ್ಟು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಬಂದ ಮೇಲೆ ಸ್ಟಡ್ಡಿಗೆ ತಾಗಿದ ಎಣ್ಣೆಯನ್ನು ಪೂರ್ತಿ ಒರೆಸಿ. ಬಿಗಿತದ ಅಳತೆಗಳನ್ನು ಸಾಮಾನ್ಯವಾಗಿ ಒಣ ಸ್ಟಡ್ಡಿಗೆ ಕೊಟ್ಟಿರುತ್ತಾರೆ. ಎಣ್ಣೆ ಇದ್ದರೆ ಅದೇ ಬಿಗಿತಕ್ಕೆ ಸ್ಟಡ್ಡು ಜಾಸ್ತಿ ಎಳೆಯಲ್ಪಡುತ್ತದೆ.

ಇನ್ನು ನಡುವಿನ ತೂತು. ಹೈಲಕ್ಸ್‌ಗೂ ಇಸುಜು ವಿ-ಕ್ರಾಸ್‌ಗೂ ಆರು ಸ್ಟಡ್ಡು, 139.7 ಮಿಮೀ ವೃತ್ತ. ಸ್ಟಡ್ಡೂ ಒಂದೇ, 12 ಮಿಮೀ ದಪ್ಪ, 1.5 ಮಿಮೀ ಪಿಚ್ಚು (ಮರೆಯ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ). ಹಾಗಾಗಿ ಒಂದರ ಸ್ಪೇಸರ್ ಇನ್ನೊಂದಕ್ಕೆ ಸಿಕ್ಕುತ್ತದೆ. ಆದರೆ ಹೈಲಕ್ಸಿನ ಹಬ್ಬಿನ ನಡುಭಾಗ ಸುಮಾರು 106 ಮಿಮೀ, ಇಸುಜುವಿನದ್ದು ಸುಮಾರು 100. ಆರು ಮಿಲಿಮೀಟರ್ ವ್ಯತ್ಯಾಸ. ಹೈಲಕ್ಸಿಗೆ ಮಾಡಿದ ಸ್ಪೇಸರನ್ನು ಇಸುಜುವಿಗೆ ಹಾಕಿದರೆ ಅದು ಹಬ್ಬಿನ ಮೇಲೆ ಕೂರುವುದಿಲ್ಲ, ಸ್ಟಡ್ಡಿಗೆ ನೇತಾಡುತ್ತದೆ. ನಟ್ಟಿನ ಕೋನ ಅದನ್ನು ನಡುವಿಗೆ ಎಳೆದುಕೊಂಡರೆ ಪುಣ್ಯ. ಒಂದು ನಟ್ಟನ್ನು ಮೊದಲೇ ಗನ್ನಿನಲ್ಲಿ ಒತ್ತಿಬಿಟ್ಟರೆ ಸ್ಪೇಸರ್ ಬದಿಗೆ ಸರಿದು ಅಲ್ಲೇ ಕೂರುತ್ತದೆ. ಬಿಚ್ಚಿದಾಗ ಬೆರಳು ಆಡಿಸಿ ನೋಡಿ. ಸ್ಪೇಸರಿಗೂ ಹಬ್ಬಿನ ಉಂಗುರಕ್ಕೂ ನಡುವೆ ಉಗುರು ಹೋಗುವಷ್ಟು ಸಂದು ಇದ್ದರೆ ಅದು ಆ ಗಾಡಿಯದ್ದಲ್ಲ. "ಆರು ಸ್ಟಡ್ಡಿಗೆ ಎಲ್ಲದಕ್ಕೂ ಆಗುತ್ತದೆ" ಅಂತ ಹೇಳಿ ಮಾರುವವರ ಹತ್ತಿರ ಮೊದಲು ನಡುವಿನ ತೂತಿನ ಅಳತೆ ಕೇಳಿ. ಹೇಳಲು ಗೊತ್ತಿಲ್ಲದಿದ್ದರೆ ಮುಂದಿನ ಅಂಗಡಿ ನೋಡಿ.

ಸ್ಟಡ್ಡಿನ ತುದಿಯನ್ನೂ ಮರೆಯಬೇಡಿ. 25 ಮಿಮೀ ಸ್ಪೇಸರ್ ಹಾಕಿದಾಗ ಗಾಡಿಯ ಮೂಲ ಸ್ಟಡ್ಡು ಸ್ಪೇಸರಿನ ಹೊರಮುಖದಿಂದ ಹೊರಗೆ ಇಣುಕುವುದುಂಟು. ಹಲವು ಅಲಾಯ್ ಚಕ್ರದ ಹಿಂಬದಿಯಲ್ಲಿ ಗುಳಿಗಳಿರುತ್ತವೆ, ತುದಿ ಅದರೊಳಗೆ ಹೋಗುತ್ತದೆ. ತಗಡಿನ ರಿಮ್ಮಿನಲ್ಲಿ ಗುಳಿ ಇಲ್ಲ. ಆಗ ಚಕ್ರ ಸ್ಟಡ್ಡಿನ ತುದಿಯ ಮೇಲೆ ಕೂರುತ್ತದೆ! ಒಂದು ಗೆರೆಪಟ್ಟಿಯನ್ನು ಸ್ಪೇಸರಿನ ಮುಖಕ್ಕೆ ಅಡ್ಡ ಇಟ್ಟು ಸುತ್ತ ತಿರುಗಿಸಿ. ಎಲ್ಲೂ ತಡೆಯಬಾರದು. ಸ್ಪೇರ್ ಚಕ್ರ ತಗಡಿನದ್ದಾಗಿದ್ದರೆ ಅದನ್ನೂ ಇವತ್ತೇ ಹಾಕಿ ನೋಡಿ. ರಾತ್ರಿ ಮಳೆಯಲ್ಲಿ ಮುಳ್ಳೇರಿಯದ ದಾರಿಯಲ್ಲಿ ಪಂಚರಾದಾಗ ನೋಡುವ ವಿಷಯ ಅಲ್ಲ ಅದು.

ಡಯಲ್ ಗೇಜ್ ಇಲ್ಲದವರಿಗೆ

ಸ್ಪೇಸರ್ ಸರಿಯಾಗಿ ಕೂತಿದೆಯಾ ಅಂತ ಅಳೆಯಲು ಡಯಲ್ ಗೇಜ್ (ಸಣ್ಣ ಓಲಾಟವನ್ನೂ ತೋರಿಸುವ ಗಡಿಯಾರದಂಥ ಅಳತೆಯ ಸಾಧನ) ಇದ್ದರೆ ಅದರ ಕಾಂತ ಅಂಟಿಸಿ, ಮುಳ್ಳನ್ನು ಸ್ಪೇಸರಿನ ಮುಖಕ್ಕೆ ತಾಗಿಸಿ ಹಬ್ ತಿರುಗಿಸಿ. ಹತ್ತರಲ್ಲೊಂದು ಮಿಲಿಮೀಟರ್ ಒಳಗೆ ಇದ್ದರೆ ನಾನು ಸುಮ್ಮನಾಗುತ್ತೇನೆ. ಮನೆಯಲ್ಲಿ ನೋಡುವವರು ಚಕ್ರ ಹಾಕಿದ ಮೇಲೆ ನೋಡಬಹುದು. ಒಂದು ಅಡಿಕೆ ಸಲಾಕೆಯ ತುಂಡನ್ನು ಸ್ಟ್ಯಾಂಡಿಗೆ ಕಟ್ಟಿ, ಅದರ ತುದಿ ರಿಮ್ಮಿನ ಅಂಚಿಗೆ ಒಂದು ಕೂದಲಷ್ಟು ದೂರ ಇರುವ ಹಾಗೆ ನಿಲ್ಲಿಸಿ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಂದು ಹೆಚ್ಚು ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಎಲ್ಲಿ ಹತ್ತಿರ ಬಂತೋ ಅಲ್ಲಿ ರಿಮ್ಮಿಗೆ ಸೀಮೆಸುಣ್ಣದ ಗುರುತು ಹಾಕಿ. ಈಗ ಚಕ್ರ ಬಿಚ್ಚಿ, ಸ್ಪೇಸರಿನ ಮೇಲೆ ಅದನ್ನು ಎರಡು ಸ್ಟಡ್ಡಿನಷ್ಟು ತಿರುಗಿಸಿ ಹಾಕಿ. ಓಲಾಟ ಗುರುತಿನ ಜೊತೆಯೇ ಹೋದರೆ ರಿಮ್ ಬೆಂಡ್. ಗುರುತು ಬಿಟ್ಟು ಹಳೇ ಜಾಗದಲ್ಲೇ ಉಳಿದರೆ ಸ್ಪೇಸರ್ ಅಥವಾ ಹಬ್. ಸ್ಪೇಸರನ್ನೂ ಹಾಗೆಯೇ ಹಬ್ಬಿನ ಮೇಲೆ ತಿರುಗಿಸಿ ಹಾಕಿದರೆ ಆ ಎರಡರಲ್ಲಿ ಯಾವುದು ಅಂತ ಬೇರೆಯಾಗುತ್ತದೆ. ಹತ್ತು ಪೈಸೆ ಖರ್ಚಿಲ್ಲ.

ಸ್ಟಡ್ಡು ಮುರಿದು ಬಂದ ಗಾಡಿ

ಮುರಿದ ತುಂಡನ್ನು ಎಸೆಯಬೇಡಿ. ಮುರಿದ ಮುಖದಲ್ಲಿ ಒಂದು ಕಡೆಯಿಂದ ಶುರುವಾಗಿ ಚಿಪ್ಪಿನ ಗೆರೆಗಳ ಹಾಗೆ ನಯವಾದ ಪಟ್ಟಿಗಳು, ಕೊನೆಗೆ ಸ್ವಲ್ಪ ಒರಟು ಭಾಗ ಇದ್ದರೆ ಅದು ದಿನಾ ಬಾಗಿ ಬಾಗಿ ದಣಿದು ಮುರಿದದ್ದು. ಅಂದರೆ ನಟ್ಟು ಬಹಳ ದಿನ ಸಡಿಲ ಇತ್ತು. ಕುತ್ತಿಗೆ ಸಪೂರವಾಗಿ ಎಳೆದ ಹಾಗೆ ಕಂಡರೆ ಗನ್ನಿನಲ್ಲಿ ಮಿತಿಮೀರಿ ಬಿಗಿದದ್ದು. ಒಂದು ಮುರಿದರೆ ಆ ಹಬ್ಬಿನ ಎಲ್ಲ ಸ್ಟಡ್ಡನ್ನೂ ಬದಲಿಸಿ. ಉಳಿದವು ಅದರ ಭಾರವನ್ನೂ ಹೊತ್ತು ದಣಿದಿರುತ್ತವೆ. ನಾನಂತೂ ಒಂದನ್ನು ಮಾತ್ರ ಬದಲಿಸಿ ಕೊಡುವುದಿಲ್ಲ, ಬೇಕಾದರೆ ಬೈದುಕೊಂಡು ಹೋಗಲಿ.

ನಟ್ಟು ಎಷ್ಟು ಸುತ್ತು ಹಿಡಿದಿದೆ ಅಂತ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಉದ್ದ ನಟ್ಟಿನ ಒಳಗೆ ಇರಬೇಕು. 12 ಮಿಮೀ ಸ್ಟಡ್ಡು, 1.5 ಪಿಚ್ಚು ಅಂದರೆ ಎಂಟು ಸುತ್ತು. ಜಿಮ್ನಿಯಂಥ 1.25 ಪಿಚ್ಚಿನದ್ದಾದರೆ ಹತ್ತು. ಮೊದಲು ಹೇಳಿದ ತೆಳು ಸ್ಪೇಸರಿನ ಕಾಯಿಲೆ ಇದೇ. ಹತ್ತು ಮಿಲಿಮೀಟರಿನದ್ದನ್ನು ಮೂಲ ಸ್ಟಡ್ಡಿಗೇ ಸಿಕ್ಕಿಸಿದರೆ ನಟ್ಟು ನಾಲ್ಕೈದು ಸುತ್ತಿಗೇ ನಿಲ್ಲುತ್ತದೆ. ಬಿಗಿಯೇನೋ ಆಗುತ್ತದೆ, ಭಾರ ತಡೆಯುವುದಿಲ್ಲ. ಉದ್ದದ ಸ್ಟಡ್ಡು ಹಾಕದೆ ಅದನ್ನು ಮುಟ್ಟಬೇಡಿ. ಎರಡು ಸ್ಪೇಸರ್ ಒಂದರ ಮೇಲೊಂದು ಹಾಕಿದ ಗಾಡಿಯನ್ನೂ ನೋಡಿದ್ದೇನೆ. ಅದಕ್ಕೆ ದೋಷ ಹುಡುಕುವ ಅಗತ್ಯವಿಲ್ಲ, ಅದೇ ದೋಷ.

ನಟ್ಟಿನ ಮೂತಿಯೂ ನೋಡಿ. ಕೋನದ ನಟ್ಟಿಗೆ ಕೋನದ ಕುಳಿ, ಚಪ್ಪಟೆ ವಾಶರಿನ ನಟ್ಟಿಗೆ ಚಪ್ಪಟೆ ಜಾಗ. ಅಲಾಯ್ ಚಕ್ರಕ್ಕೆ ಬಂದ ಚಪ್ಪಟೆ ನಟ್ಟನ್ನು ಸ್ಪೇಸರಿನ ಕೋನದ ಕುಳಿಗೆ ಹಾಕಿದರೆ ಅದು ಅಂಚಿಗೆ ಮಾತ್ರ ತಾಗಿ ನಿಲ್ಲುತ್ತದೆ. ಬಿಚ್ಚಿದಾಗ ನಟ್ಟಿನ ಮೇಲೆ ಸಪೂರ ಒಂದೇ ಗೆರೆ ಹೊಳೆಯುತ್ತಿದ್ದರೆ ಜೋಡಿ ತಪ್ಪಿದೆ. ಕೋನದ ಮುಖ ಅಗಲವಾಗಿ ಹೊಳೆಯಬೇಕು.

ಉಜ್ಜುವುದು, ಎಳೆಯುವುದು, ಗುಂಯ್‌ಗುಡುವುದು

ಟೈರು ಉಜ್ಜುವುದನ್ನು ಪತ್ತೆ ಮಾಡುವುದು ಸುಲಭ. ಮಡ್‌ಗಾರ್ಡಿನ ಒಳ ಅಂಚಿಗೆ, ಬಂಪರಿನ ಮೂಲೆಗೆ ಸೀಮೆಸುಣ್ಣ ಹಚ್ಚಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದೆ ಮುಂದೆ ಹೋಗಿ. ಆಮೇಲೆ ಮುಂದಿನ ಒಂದು ಚಕ್ರವನ್ನು ದಪ್ಪ ಹಲಗೆಯ ಮೇಲೆ ಹತ್ತಿಸಿ ಇನ್ನೊಮ್ಮೆ. ಸುಣ್ಣ ಅಳಿಸಿದ ಜಾಗ ಉಜ್ಜುವ ಜಾಗ. ಸ್ಪೇಸರ್ ಹಾಕಿದಾಗ ಟೈರು ತಿರುಗುವಾಗ ದೊಡ್ಡ ಬಿಲ್ಲಿನಲ್ಲಿ ಬೀಸುತ್ತದೆ, ಹಾಗಾಗಿ ಒಳಗೆ ಉಜ್ಜುವುದು ನಿಂತು ಹೊರಗೆ ಉಜ್ಜುವುದು ಶುರುವಾಗುತ್ತದೆ. ಖಾಲಿ ಗಾಡಿಯಲ್ಲಿ ನೋಡಿ ಸರಿ ಉಂಟು ಅಂದುಕೊಳ್ಳಬೇಡಿ, ಲೋಡ್ ಹಾಕಿ ನೋಡಿ.

ಸ್ಟೀರಿಂಗ್ ಕಚ್ಚಿ ಎಳೆಯುತ್ತದೆ, ಗುಂಡಿಗೆ ಬಿದ್ದರೆ ಕೈಗೆ ಹೊಡೆಯುತ್ತದೆ ಅನ್ನುವ ದೂರನ್ನು ನಟ್ಟು ಬಿಗಿದು ಸರಿಮಾಡಲು ಆಗುವುದಿಲ್ಲ. ಚಕ್ರ ಯಾವ ಗೆರೆಯ ಸುತ್ತ ತಿರುಗಬೇಕೋ ಆ ಗೆರೆಯಿಂದ ಟೈರಿನ ನಡು 30 ಮಿಮೀ ಹೊರಗೆ ಹೋಗಿದೆ. ರಸ್ತೆಯ ಪ್ರತಿ ಪೆಟ್ಟಿಗೂ ಅಷ್ಟು ಉದ್ದದ ಸನ್ನೆ ಸಿಕ್ಕಿತು. ಎಡ ಬಲ ಸಮ ಇದ್ದರೆ ನೇರ ರಸ್ತೆಯಲ್ಲಿ ಒಂದನ್ನೊಂದು ತಡೆಯುತ್ತವೆ. ಒಂದು ಚಕ್ರ ಮಾತ್ರ ಕೆಸರಿಗೋ ನೀರಿಗೋ ಇಳಿದರೆ ಆ ಕಡೆಗೆ ಎಳೆಯುತ್ತದೆ. ಇದು ದೋಷ ಅಲ್ಲ, ನೀವು ಕೊಂಡ ವಸ್ತುವಿನ ಗುಣ. ಬೇಡವಾದರೆ ಮುಂದಿನ ಸ್ಪೇಸರ್ ತೆಗೆಯಿರಿ. ಒಂದು ಕಡೆಗೆ ಮಾತ್ರ ಯಾವಾಗಲೂ ಎಳೆದರೆ ಎರಡೂ ಬದಿಯ ದಪ್ಪ ಅಳೆಯಿರಿ. 30 ಅಂತ ಕೊಟ್ಟದ್ದರಲ್ಲಿ ಒಂದು 25 ಬಂದದ್ದನ್ನು ಒಮ್ಮೆ ನೋಡಿದ್ದೇನೆ.

ಗುಂಯ್ ಅನ್ನುವ ಶಬ್ದ ವೇಗದ ಜೊತೆ ಏರುತ್ತಾ ಹೋದರೆ ಬೇರಿಂಗ್. ಸ್ವಲ್ಪ ಬಲಕ್ಕೆ ಬಾಗಿಸಿ ಓಡಿಸಿದಾಗ ಜಾಸ್ತಿಯಾದರೆ ಎಡದ್ದು, ಎಡಕ್ಕೆ ಬಾಗಿಸಿದಾಗ ಜಾಸ್ತಿಯಾದರೆ ಬಲದ್ದು, ಯಾಕೆಂದರೆ ತಿರುವಿನಲ್ಲಿ ಭಾರ ಹೊರಬದಿಗೆ ಬೀಳುತ್ತದೆ. ದಪ್ಪ ಹಲ್ಲಿನ ಟೈರೂ ಹೀಗೇ ಗುಂಯ್‌ಗುಡುತ್ತದೆ, ಆದರೆ ಅದು ರಸ್ತೆ ಬದಲಾದಂತೆ ಬದಲಾಗುತ್ತದೆ. ಗಾಡಿ ಎತ್ತಿ, ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ಆದರೂ ಉಳಿದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್. ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಬ್ರೇಕ್ ಹೆಚ್ಚು ಬಳಸದೆ, ನಾಲ್ಕೂ ಹಬ್ಬಿನ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಅದನ್ನೇ ಮೊದಲು ಬಿಚ್ಚಿ. ಸ್ಪೇಸರ್ ಭಾರವನ್ನು ಹೊರಗೆ ತಳ್ಳುವುದರಿಂದ ಹೊರಗಿನ ಬೇರಿಂಗ್ ಬೇಗ ಸೋಲುತ್ತದೆ. ಮಳೆಗಾಲದಲ್ಲಿ ತೋಡು ದಾಟುವ ಗಾಡಿಗಳಲ್ಲಂತೂ ಸೀಲಿನ ಒಳಗೆ ನೀರು ಹೋಗಿರುತ್ತದೆ.

ಕಾಯಿದೆಯ ಮಾತು ಎರಡೇ ಸಾಲು. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. ಕೇರಳದಿಂದಲೇ ಹೋದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ ಓನರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಉಂಟು. ಟೈರು ಮಡ್‌ಗಾರ್ಡಿನಿಂದ ಹೊರಗೆ ಬಂದ ಗಾಡಿ ದೂರದಿಂದಲೇ ಕಾಣುತ್ತದೆ. ಅಪಘಾತವಾದರೆ ವಿಮೆಯವರೂ ಮೊದಲು ಅದನ್ನೇ ಕೇಳುತ್ತಾರೆ. ಗಿರಾಕಿಗಳಿಗೆ ಇದನ್ನು ಹೇಳಿಯೇ ಕೆಲಸಕ್ಕೆ ಕೈ ಹಾಕುವುದು ನನ್ನ ರೂಢಿ.

"ಅಗಲ ಮಾಡಿದರೆ ಲೋಡ್ ಹಾಕಿದಾಗ ಗಾಡಿ ಮಗುಚುವುದಿಲ್ಲ ಅಲ್ವಾ?" ಅಂತ ಪೆರ್ಲದವರು ಕೇಳಿದರು. ಎಡ ಬಲ ಚಕ್ರಗಳ ನಡುವೆ 1500 ಮಿಮೀ ಅಗಲ ಇರುವ ಗಾಡಿಗೆ ಎರಡೂ ಬದಿ 30 ಸೇರಿಸಿದರೆ 1560. ನೂರಕ್ಕೆ ನಾಲ್ಕರಷ್ಟು ಲಾಭ. ಕಲ್ಲನ್ನು ಒಂದು ಸಾಲು ಕಡಿಮೆ ಪೇರಿಸಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ ಅಂದೆ. ಕಡಿಮೆ ಆಫ್‌ಸೆಟ್ಟಿನ, ಅಂದರೆ ತಾನೇ ಹೊರಗೆ ಚಾಚಿ ಕೂರುವ, ರಿಮ್ ಹಾಕಿದರೆ ಅದೇ ಅಗಲ ಒಂದೇ ಜೋಡಣೆಯಲ್ಲಿ ಸಿಗುತ್ತದೆ, ಒಳಗಿನ ನಟ್ಟಿನ ತಲೆಬಿಸಿ ಇಲ್ಲ ಅಂತಲೂ ಹೇಳಿದೆ. ಆದರೆ ದಂಡದ ಲೆಕ್ಕಕ್ಕೆ ಅದೂ ಬದಲಾವಣೆಯೇ. ಸ್ಪೇಸರಿಗೆ ಆಗಲೇ ದುಡ್ಡು ಹಾಕಿಯಾಗಿತ್ತು, ಅವರಿಗೆ ಮನಸ್ಸು ಬರಲಿಲ್ಲ.

ವಾಪಸ್ ಹಾಕುವಾಗ

ತೂತು ಮೊಟ್ಟೆಯಾದ ಸ್ಪೇಸರ್ ಕಸಕ್ಕೆ. ಲೇತಿನಲ್ಲಿ ಬುಶ್ ಹಾಕಿ ಕೊಡುತ್ತಾರೆ ಅಂತ ಯಾರೋ ಹೇಳಿದ್ದರಂತೆ, ಆಗುವುದಿಲ್ಲ ಅಂದೆ. ಹಿಂದಿನ ಎಡ ಹಬ್ಬಿನ ಆರು ಸ್ಟಡ್ಡನ್ನೂ ಬದಲಿಸಿದೆವು. ಮುಂದಿನ ಎರಡು ಸ್ಪೇಸರ್ ಬಿಚ್ಚಿ, ಹಬ್ಬಿನ ಅಳತೆ ಒಂದೇ ಇದ್ದುದರಿಂದ ಅವನ್ನೇ ಹಿಂದಕ್ಕೆ ಹಾಕಿದೆವು. ಮುಂದೆ ಏನೂ ಬೇಡ ಅಂತ ಅವರೇ ಹೇಳಿದರು.

ಕ್ಲಿಪ್ ಎಲ್ಲ ಕಿತ್ತೆ. ಡ್ರಮ್ಮಿನ ಮುಖವನ್ನು ತಂತಿ ಬ್ರಶ್ಶಿನಲ್ಲಿ ಬರಿ ಲೋಹ ಕಾಣುವವರೆಗೆ ಉಜ್ಜಿದೆ. ಸ್ಪೇಸರನ್ನು ನಟ್ಟಿಲ್ಲದೆ ಕೈಯಲ್ಲಿ ಒತ್ತಿ ಹಿಡಿದು ಅಲುಗಿಸಿ ನೋಡಿದೆ. ತಟ್ಟೆಯನ್ನು ಸಮ ನೆಲದಲ್ಲಿ ಇಟ್ಟ ಹಾಗೆ ಕೂತಿತು, ತೊನೆಯಲಿಲ್ಲ. ಆರೂ ನಟ್ಟನ್ನು ಮೊದಲು ಕೈಯಲ್ಲಿ, ಆಮೇಲೆ ಎದುರೆದುರು ಕ್ರಮದಲ್ಲಿ ಅರ್ಧ ಬಿಗಿತ, ಕೊನೆಗೆ ಟಾರ್ಕ್ ರೆಂಚಿನಲ್ಲಿ (ಇಟ್ಟ ಬಿಗಿತ ಮುಟ್ಟಿದಾಗ ಕ್ಲಿಕ್ ಅನ್ನುವ ಸ್ಪ್ಯಾನರ್) ಪೂರ್ತಿ. ಎಷ್ಟು ಅನ್ನುವುದನ್ನು ಗಾಡಿಯ ಪುಸ್ತಕದಲ್ಲಿ, ಸ್ಪೇಸರಿನ ಚೀಟಿಯಲ್ಲಿ ನೋಡಿಯೇ ಹಾಕಬೇಕು. ಗನ್ನನ್ನು ಆ ದಿನ ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಪ್ರತಿ ನಟ್ಟಿನಿಂದ ಸ್ಪೇಸರಿನ ಮುಖದವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದೆ. ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಅಂತ ಕಾಣುತ್ತದೆ. ಅಡಿಯ ಜಾಗ ಕುಗ್ಗಿದರೆ ಮಾತ್ರ ಗೆರೆಗೆ ಗೊತ್ತಾಗುವುದಿಲ್ಲ, ಅದಕ್ಕೇ ರೆಂಚ್ ಹಾಕಿಯೇ ನೋಡಬೇಕು.

ನೂರು ಕಿಲೋಮೀಟರ್ ಆದ ಮೇಲೆ ಬನ್ನಿ, ಚಕ್ರ ಬಿಚ್ಚಿಯೇ ನೋಡಬೇಕು ಅಂದಿದ್ದೆ. ನಾಲ್ಕನೇ ದಿನ ಬಂದರು. ಬಿಚ್ಚಿದೆವು. ಗೆರೆಗಳು ಎಲ್ಲ ನೆಟ್ಟಗೆ ಇದ್ದವು. ರೆಂಚ್ ಹಾಕಿದಾಗ ಒಂದೂ ನಟ್ಟು ಕದಲದೆ ಕ್ಲಿಕ್ ಅಂತು. ಇನ್ನು ಐದುನೂರಕ್ಕೆ ಬನ್ನಿ, ಆಮೇಲೆ ಪ್ರತಿ ಸಲ ಎಣ್ಣೆ ಬದಲಿಸುವಾಗ ಅಂದೆ.

"ಪ್ರತಿ ಸಲ ಚಕ್ರ ಬಿಚ್ಚಬೇಕಾ ಅಣ್ಣ?"

"ಹೌದು ಮಾರಾಯ್ರೆ. ಪ್ರತಿ ಸಲ."